ಬಾಯಿಬಿಡುವ ಹೊತ್ತು

ಕಾಸ್ತ್ರೊ ಊರಿನ ದಕ್ಕೆಯ ಹಿಂದೆ
ನೀರಿಗೆ ಮರಗಾಲು ಊರಿ ನಿಂತ ಮನೆಗಳ ಸಾಲು ದಾಟಿದರೆ
ಹಸಿರು ತಗಡಿನ ಆರೋಗ್ಯ ಕೇಂದ್ರ.
ಸೋಮವಾರ ಬೆಳಿಗ್ಗೆ ಹೋದೆ.
ಬೆರಳ ಸಂದಿಯಲ್ಲಿ ಇನ್ನೂ ಪಾಚಿಯ ನಾತ,
ಚೀಟಿಯಲ್ಲಿ ಹದಿನೇಳನೆಯ ನಂಬರು,
ಎದುರು ಬೆಂಚಿನಲ್ಲಿ ಸೋದರತ್ತೆಯ ನೆರೆಯವಳು ಕ್ಲೋರಿಂದಾ.
"ಕೆಮ್ಮಾ?" ಅಂದಳು.
ಕೆಮ್ಮಿದೆ.

ಸೂಲಗಿತ್ತಿ ಎದೆಲ್ಮಿರಾ ಬಾಗಿಲು ಹಾಕಿದಳು.
ಯಾರು, ಯಾಕೆ ಕೇಳಲಿಲ್ಲ.
ಯಾವಾಗ? ಎಂದಳು.
ಶನಿವಾರ ರಾತ್ರಿ, ಲಾರಿಯ ಕ್ಯಾಬಿನ್ನಿನಲ್ಲಿ.
ಕಾಂಡೋಮು ಅವನ ಜೇಬಿನಲ್ಲೇ ಇತ್ತು,
ಜೇಬು ಕೋಟಿನಲ್ಲಿತ್ತು,
ಕೋಟು ಎಲ್ಲೋ ಇತ್ತು.
ಅವಳು ನಗಲಿಲ್ಲ.
ನಾನೇ ನಕ್ಕೆ, ಆಮೇಲೆ ಅತ್ತುಬಿಟ್ಟೆ.

ತೋಳು ಚಾಚಿದೆ: ತಗೋ ರಕ್ತ, ಈಗಲೇ ಹೇಳು.
"ತಗೋತೀನಿ. ಆದರೆ
ಇವತ್ತಿನ ರಕ್ತಕ್ಕೆ ಶನಿವಾರದ ಸುದ್ದಿ ಇನ್ನೂ ಮುಟ್ಟಿಲ್ಲ.
ಹಳೆಯ ಕತೆ ಏನಾದರೂ ಇದ್ದರೆ ಹೇಳೀತು, ಅಷ್ಟೇ.
ಆದರೂ ಇವತ್ತೇ ಬಂದೆಯಲ್ಲ, ಬದುಕಿದೆ.
ಎಚ್‌ಐವಿ ತಡೆಯುವ ಮಾತ್ರೆಗೆ ಎಪ್ಪತ್ತೆರಡು ಗಂಟೆಯ ಗಡುವು,
ಬೇಗ ನುಂಗಿದಷ್ಟೂ ಲೇಸು,
ಇಪ್ಪತ್ತೆಂಟು ದಿನ, ಒಂದೂ ತಪ್ಪಬಾರದು.
ಬಸಿರು ಬೇಡವಾದರೆ ಅದಕ್ಕೊಂದು ಬೇರೆ."

ಮೀನಿನ ಮೇವು ಮಾರುವವರು ಹಂಚಿದ ಕ್ಯಾಲೆಂಡರಿನಲ್ಲಿ
ಪೆನ್ಸಿಲ್ಲಿನ ಸೊನ್ನೆ ಸುತ್ತಿದಳು.
ಎರಡು ವಾರಕ್ಕೆ ಗೊನೊರಿಯಾ, ಕ್ಲಮಿಡಿಯಾ.
ಎಚ್‌ಐವಿಗೆ ನಲವತ್ತೈದು ದಿನ. ಉಳಿದವರು ಆ ರಾತ್ರಿಯಿಂದ ಎಣಿಸಲಿ,
ನೀನು ಮಾತ್ರೆ ಮುಗಿದ ದಿನದಿಂದ.
ಸಿಫಿಲಿಸ್ ಸೋಮಾರಿ, ಹನ್ನೆರಡು ವಾರ ಕೊಡು.
ನಡುವೆ ಹುಣ್ಣೋ ಉರಿಯೋ ಕಂಡರೆ
ಸೊನ್ನೆಗೆ ಕಾಯಬೇಡ, ಓಡಿ ಬಾ.

ಮರುದಿನ ಎಂದಿನಂತೆ ತೆಪ್ಪದಿಂದ ಹಗ್ಗ ಇಳಿಬಿಟ್ಟೆವು.
ನೀಲಿಕಲ್ಲಿನ ಮರಿ ನೀರಿನಲ್ಲಿ ನೀರಿನಷ್ಟೇ ಸಣ್ಣದು.
ಅದು ತೇಲಿ ಬಂದು ಹಗ್ಗಕ್ಕೆ ಅಂಟಿ
ನಮ್ಮ ಕಣ್ಣಿಗೆ ಕರಿ ಸಾಸಿವೆಯಾಗುವುದಕ್ಕೆ ವಾರಗಳು ಬೇಕು.
ಹೊಸ ಹುಡುಗ ಬೆಲಿಸಾರಿಯೊ
ಸಂಜೆಗೇ ಒಂದು ಹಗ್ಗ ಎತ್ತಿ
"ಏನೂ ಇಲ್ಲ" ಎಂದ.
"ಏನೂ ಕಾಣ್ತಿಲ್ಲ ಅನ್ನು" ಎಂದೆ,
ಬೇಕಾದ್ದಕ್ಕಿಂತ ಜೋರಾಗಿ.

ಹದಿನೈದನೆಯ ದಿನ ಮೂತ್ರದ ಡಬ್ಬಿ, ಹತ್ತಿ ಸುತ್ತಿದ ಕಡ್ಡಿ.
ವಾರದ ನಂತರ ಫೋನು:
ಕ್ಲಮಿಡಿಯಾ.
ಮೈ ಒಂದು ಮಾತು ಹೇಳಿರಲಿಲ್ಲ,
ಉರಿಯಿಲ್ಲ, ನೋವಿಲ್ಲ,
ಕನ್ನಡಿಯಲ್ಲಿ ಅದೇ ಮುಖ, ಅದೇ ಬಿಸಿಲುಗಲೆ.
ಏಳು ದಿನದ ಮಾತ್ರೆ ಮೇಜಿನ ಮೇಲಿಟ್ಟು ಎದೆಲ್ಮಿರಾ
"ಅವನಿಗೂ ತಿಳಿಸು" ಎಂದಳು,
ಉಪ್ಪು ತರಲು ಹೇಳಿದ ಹಾಗೆ.

ಲಾದಿಸ್ಲಾವೊ, ನಿನಗೆ ಮೂರು ಸಲ ಬರೆದು ಅಳಿಸಿದೆ.
ಮೊದಲನೆಯದರಲ್ಲಿ ಬೈಗುಳವಿತ್ತು,
ಎರಡನೆಯದರಲ್ಲಿ ಕ್ಷಮೆ. ಯಾತಕ್ಕೋ.
ಕಳಿಸಿದ್ದರಲ್ಲಿ ಕಾಯಿಲೆಯ ಹೆಸರು, ಮಾತ್ರೆಯ ಹೆಸರು,
ಆಸ್ಪತ್ರೆ ಬಾಗಿಲು ತೆರೆಯುವ ಹೊತ್ತು.
ನಾಲ್ಕು ದಿನ ಬಿಟ್ಟು
ಒಂದು ಹಳದಿ ಹೆಬ್ಬೆರಳು ಬಂತು.
ಹೋದನೆಂದೋ, ಓದಿದನೆಂದೋ,
ಸಾಕು ಮಾಡು ಎಂದೋ,
ಹೆಬ್ಬೆರಳಿಗೆ ಬಾಯಿಲ್ಲ.

ಆ ಭಾನುವಾರ ಅತ್ತೆಯ ಒಲೆಯ ಮೇಲೆ ನೀಲಿಕಲ್ಲು ಬೇಯುತ್ತಿತ್ತು.
ಬಲವಂತಕ್ಕೆ ಚಾಕು ಹಾಕಿದರೆ ಚಿಪ್ಪು ಒಡೆಯುತ್ತದೆ, ಕೈ ಕುಯ್ಯುತ್ತದೆ,
ಬಿಸಿ ಏರಿದಾಗ ಅದೇ ಬಾಯಿಬಿಡುತ್ತದೆ, ಒಂದೊಂದಾಗಿ,
ಟಕ್, ಟಕ್ ಎಂದು.
ರಕ್ತವೂ ಹಾಗೇ ಎಂದುಕೊಂಡೆ.
ಅತ್ತೆ "ಯಾಕೆ ಪಾತ್ರೆಯನ್ನೇ ನೋಡ್ತಾ ನಿಂತೆ?" ಎಂದಳು.

ಎಚ್‌ಐವಿ ಇಲ್ಲ ಎಂದು ಬಂದ ಕಾಗದ
ಕೋಟಿನ ಒಳಜೇಬಿನಲ್ಲಿ ಮಡಚಿಟ್ಟಿದ್ದೇನೆ.
ಇವತ್ತು ಕೊನೆಯ ಸೊನ್ನೆ.
ಇಪ್ಪತ್ತಮೂರನೆಯ ನಂಬರು, ಅದೇ ಬೆಂಚು,
ಅದೇ ಕ್ಲೋರಿಂದಾ, ಹೆಣೆಯುತ್ತಿರುವ ಕಾಲುಚೀಲ ಮಾತ್ರ ಬೇರೆ.
"ಇನ್ನೂ ಕೆಮ್ಮಾ?"
"ಇಲ್ಲ," ಎಂದೆ. "ಸಿಫಿಲಿಸ್ ಪರೀಕ್ಷೆ."

ಸೂಜಿ ನಿಂತಿತು.
ಒಂದು ಹೆಣಿಗೆ ಜಾರಿತು, ಅವಳು ಹಿಡಿಯಲಿಲ್ಲ.
ಆಚೆ ಈಚೆ ನೋಡಿ, ಬೆಂಚಿನ ಮೇಲೆ ನನ್ನತ್ತ ಸರಿದು
ತಗ್ಗಿದ ದನಿಯಲ್ಲಿ:
"ಅದಕ್ಕೆ... ಎಷ್ಟು ದಿನ ಬಿಟ್ಟು ಬರಬೇಕು?"